ಲಕ್ಷ್ಮಿ ಫೋಟೊ ಹಿಂದಿನ ಎರಡನೇ ಕೀ

ಅಜ್ಜಿ ಸರವನ್ನು ಅಂಗೈಯಲ್ಲಿ ಒಂದೇ ಒಂದು ಸಲ ತೂಗಿ ನೋಡಿ ವಾಪಸು ಮೇಜಿನ ಮೇಲೆ ಹಾಕಿದರಂತೆ. "ಇದು ನಂದಲ್ಲ ಕಣಪ್ಪ. ನಂದು ಇಷ್ಟು ಹಗುರ ಇರ್ಲಿಲ್ಲ" ಅಂದರಂತೆ.

ಗುಬ್ಬಿಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಆ ಅಜ್ಜಿ ತಮ್ಮ ಕಾಸಿನ ಸರವನ್ನು ಅಡವಿಟ್ಟು ಸಾಲ ತೆಗೆದುಕೊಂಡಿದ್ದರು. ಮೊಮ್ಮಗಳ ಮದುವೆ ಗೊತ್ತಾಗಿ, ಸಾಲ ತೀರಿಸಿ ಸರ ಬಿಡಿಸಿಕೊಳ್ಳಲು ಬಂದಿದ್ದರು. "ವಯಸ್ಸಾಯ್ತಲ್ಲಜ್ಜಿ, ಕೈಗೆ ಅಂದಾಜು ಸಿಗಲ್ಲ" ಎಂದು ಸಂಘದ ಕಾರ್ಯದರ್ಶಿ ನಕ್ಕನಂತೆ. ಅಜ್ಜಿ ಜಗಳ ಆಡಲಿಲ್ಲ. ಸರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ರಸ್ತೆ ದಾಟಿ ಅಕ್ಕಸಾಲಿಗರ ಅಂಗಡಿಗೆ ಹೋದರು. ಅವರು ಒರೆಗಲ್ಲಿನ ಮೇಲೆ ಒಂದು ಗೀಟು ಎಳೆದು, ಎರಡು ಹನಿ ಆ್ಯಸಿಡ್ ಬಿಟ್ಟು, ಸರವನ್ನು ಅಜ್ಜಿಯ ಕೈಗೇ ವಾಪಸು ಕೊಟ್ಟರು. ಗಿಲೀಟು. ಅವತ್ತು ಸಂತೆ ದಿನ ಬೇರೆ. ಮಧ್ಯಾಹ್ನದ ಹೊತ್ತಿಗೆ ಚಿನ್ನ ಅಡವಿಟ್ಟವರೆಲ್ಲ ಸಂಘದ ಬಾಗಿಲಲ್ಲಿ ಸೇರಿದ್ದರು. ಕಾಫಿ ಕುಡಿದು ಬರುತ್ತೇನೆಂದು ಎದ್ದುಹೋದ ಕಾರ್ಯದರ್ಶಿ ವಾಪಸು ಬರಲಿಲ್ಲ.

ಆಗ ನಾನು ತುಮಕೂರಿನಲ್ಲಿ ಸಹಕಾರ ಇಲಾಖೆಯಲ್ಲಿದ್ದೆ. ವಿಚಾರಣೆ ಮಾಡಿ ಒಂದು ತಿಂಗಳೊಳಗೆ ವರದಿ ಕೊಡಬೇಕೆಂಬ ಆದೇಶ ನನ್ನ ಮೇಜಿಗೆ ಬಂತು. ನನಗೆ ಸಿಟ್ಟು ಬೇಗ. ಕಚೇರಿಯಲ್ಲಿ ಬೆನ್ನ ಹಿಂದೆ ನನಗೆ ಒಣಮೆಣಸಿನಕಾಯಿ ಅಂತ ಹೆಸರಿಟ್ಟಿದ್ದಾರೆ, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದೇನೆ. ಆದೇಶ ಓದಿದಾಗ ನನಗೆ ಬಂದ ಮೊದಲ ಯೋಚನೆ, ಮುಚ್ಚಿಡುವುದೇಕೆ, ಇವರಿಗೆ ಸರಿಯಾಗಿ ಬುದ್ಧಿ ಕಲಿಸುತ್ತೇನೆ ಅನ್ನುವುದೇ ಆಗಿತ್ತು. ಮಾರನೆಯ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ರೈಲು ಹತ್ತುವಾಗ ಬ್ಯಾಗಿನಲ್ಲಿ ಅರಗು, ದಾರ, ಇಲಾಖೆಯ ಮುದ್ರೆ, ಊಟದ ಡಬ್ಬಿ ಇದ್ದವು. ತಪ್ಪು ಮಾಡಿದವರು ಗುಬ್ಬಿಯಲ್ಲಿದ್ದಾರೆ, ಹಿಡಿಯುವವಳು ನಾನು ಎಂಬ ಲೆಕ್ಕದಲ್ಲಿ ಕಿಟಕಿ ಪಕ್ಕ ಕೂತಿದ್ದೆ.

ತಿಜೋರಿ ತೆರೆಯುವುದಕ್ಕೆ ಒಂದು ಕ್ರಮವಿದೆ. ಇಬ್ಬರು ಪಂಚರು, ಆಡಳಿತ ಮಂಡಳಿಯ ಅಧ್ಯಕ್ಷರು, ಹೊರಗಿನಿಂದ ಕರೆಸಿದ ಅಕ್ಕಸಾಲಿಗರು, ಎಲ್ಲರ ಎದುರಿಗೆ ಮಹಜರು. ತುಮಕೂರಿನಿಂದ ಒಬ್ಬ ಹಿರಿಯ ಅಕ್ಕಸಾಲಿಗರನ್ನು ಕರೆತಂದಿದ್ದೆ. ಒಂದೊಂದು ಪ್ಯಾಕೆಟ್ಟನ್ನೂ ಎತ್ತುವುದು, ಮೇಲಿನ ನಂಬರನ್ನು ರಿಜಿಸ್ಟರಿಗೆ ಹೊಂದಿಸುವುದು, ಅರಗು ಒಡೆಯುವ ಮೊದಲು ಅದರ ಮೇಲಿನ ಚೀಟಿಯ ಫೋಟೊ ತೆಗೆಯುವುದು, ಒಡವೆ ತೂಗುವುದು, ಒರೆಗೆ ಹಚ್ಚುವುದು, ಮತ್ತೆ ಕಟ್ಟಿ ಅರಗು ಹಾಕುವುದು. ಅರಗಿನ ವಾಸನೆಗೆ ತಲೆನೋವು ಹತ್ತಿತು. ಮೂರು ದಿನ ಇದೇ ಕೆಲಸ. ಪ್ರತಿ ನಾಲ್ಕೈದು ಪ್ಯಾಕೆಟ್ಟಿಗೊಮ್ಮೆ ಅಕ್ಕಸಾಲಿಗರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಅವರು ಕನ್ನಡಕ ತೆಗೆದರೆ ಗಿಲೀಟು ಅಂತ ನಮಗೆ ಅರ್ಥವಾಗಿಹೋಯಿತು.

ಕಾರ್ಯದರ್ಶಿ ಮಾಡಿದ್ದು ಸರಳವಾದ ಕೆಲಸ. ಯಾರು ಸದ್ಯಕ್ಕೆ ಒಡವೆ ಬಿಡಿಸಿಕೊಳ್ಳುವುದಿಲ್ಲವೆಂದು ಅಂದಾಜು ಮಾಡಿ, ಅವರ ಪ್ಯಾಕೆಟ್ ಬಿಚ್ಚಿ, ಅಸಲಿ ಒಡವೆ ತೆಗೆದು ಅದೇ ಆಕಾರದ ಗಿಲೀಟು ಇಟ್ಟು, ಹೊಸ ಚೀಟಿ ಅಂಟಿಸಿ, ಮತ್ತೆ ಅರಗು ಹಾಕುತ್ತಿದ್ದ. ಅಸಲಿಯನ್ನು ತುಮಕೂರಿನಲ್ಲಿ ಶಿರಾ ಗೇಟ್ ಕಡೆಯ ಒಂದು ಖಾಸಗಿ ಸಾಲದ ಅಂಗಡಿಯಲ್ಲಿ ತನ್ನ ಮತ್ತು ಸಂಬಂಧಿಕರ ಹೆಸರಿನಲ್ಲಿ ಮರು ಅಡವಿಡುತ್ತಿದ್ದ. ಯಾರಾದರೂ ಒಡವೆ ಕೇಳಿದರೆ, "ನಾಡಿದ್ದು ಬನ್ನಿ" ಎಂದು ಎರಡು ದಿನ ಸಮಯ ತೆಗೆದುಕೊಂಡು ಬಿಡಿಸಿ ತಂದಿಡುತ್ತಿದ್ದ. ಅಜ್ಜಿಯ ಸರಕ್ಕೆ ಮಾತ್ರ ಕೈಯಲ್ಲಿ ದುಡ್ಡಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ತೊಡಕು ಇದ್ದದ್ದು ಚೀಟಿಯಲ್ಲಿ. ಪ್ರತಿ ಪ್ಯಾಕೆಟ್ಟಿನ ಚೀಟಿಯ ಮೇಲೂ ಎರಡು ಸಹಿ ಇರಬೇಕು, ಒಂದು ಕಾರ್ಯದರ್ಶಿಯದು, ಇನ್ನೊಂದು ಗುಮಾಸ್ತೆಯದು. ಗಿಲೀಟು ಸಿಕ್ಕ ಎಲ್ಲ ಪ್ಯಾಕೆಟ್ಟಿನ ಮೇಲೂ ಎರಡೂ ಸಹಿ ಇದ್ದವು. ಗುಮಾಸ್ತೆಯ ಸಹಿ ಅಸಲಿಯೇ. ತಿಜೋರಿಗೂ ಎರಡು ಕೀ. ಒಂದು ಕಾರ್ಯದರ್ಶಿಯ ಬಳಿ, ಇನ್ನೊಂದು ಗುಮಾಸ್ತೆಯ ಬಳಿ. ಎರಡೂ ಸೇರದೆ ಬಾಗಿಲು ತೆರೆಯುವುದಿಲ್ಲ. ಒಬ್ಬರಿಗೆ ದುರಾಸೆ ಬಂದರೂ ಇನ್ನೊಬ್ಬರು ಅಡ್ಡ ಇರಲಿ ಎಂದು ಮಾಡಿದ ನಿಯಮ ಅದು. ಕಾರ್ಯದರ್ಶಿ ಮೇಜಿನಲ್ಲೇ ಬಿಟ್ಟುಹೋದ ಕೀ, ಬೆಳಿಗ್ಗೆ ಗುಮಾಸ್ತೆ ಕೊಡುತ್ತಿದ್ದ ಕೀ, ಎರಡೂ ಸೇರಿಸಿಯೇ ನಾವೂ ತೆರೆಯುತ್ತಿದ್ದೆವು.

ಗುಮಾಸ್ತೆ ನಲವತ್ತರ ಆಸುಪಾಸಿನ ಹೆಂಗಸು. ಗಂಡ ಇಲ್ಲ, ಮಗಳು ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು. ಮೂರು ದಿನದಿಂದ ಮೂಲೆಯಲ್ಲಿ ನಿಂತು ರಿಜಿಸ್ಟರು ತೆಗೆದುಕೊಡುತ್ತಿದ್ದಳು.

"ಏನಮ್ಮಾ, ಎರಡನೇ ಕೀ ಯಾರ ಹತ್ರ ಇರ್ತಿತ್ತು?" ಎಂದು ಮೂರನೆಯ ಸಂಜೆ ತಿಜೋರಿ ಮುಚ್ಚಿದ ಮೇಲೆ ಗದರಿಸಿ ಕೇಳಿದೆ.

ಆಕೆ ನನ್ನನ್ನು ನೋಡಲಿಲ್ಲ. ಗೋಡೆಯ ಕಡೆ ನೋಡಿದಳು. ಅಧ್ಯಕ್ಷರೂ ಗೋಡೆಯ ಕಡೆ ನೋಡಿದರು. ಅಲ್ಲಿ ಲಕ್ಷ್ಮಿಯ ಒಂದು ದೊಡ್ಡ ಫೋಟೊ, ಅದಕ್ಕೊಂದು ಒಣಗಿದ ಸೇವಂತಿಗೆ ಹಾರ. ಗುಮಾಸ್ತೆ ಹೋಗಿ ಫೋಟೊದ ಅಂಚನ್ನು ಎತ್ತಿದಳು. ಹಿಂದೆ ಒಂದು ಮೊಳೆ, ಮೊಳೆಯಲ್ಲಿ ಕೆಂಪು ದಾರ ಕಟ್ಟಿದ ಕೀ.

"ನಾನ್ ಕೆಲಸಕ್ಕೆ ಸೇರಿದ್ ದಿನಾನೇ ಅದು ಅಲ್ಲೇ ಇತ್ತು ಮೇಡಂ" ಎಂದಳು. "ಬಸ್ಸಲ್ಲಿ ಓಡಾಡೋಳು, ಕಳೆದ್ಕೊಂಡೀಯ, ತಾಯಿ ಹಿಂದೆ ಇರ್ಲಿ ಅಂದ್ರು. ಬೆಳಿಗ್ಗೆ ಬಂದು ದೀಪ ಹಚ್ಚೋದು, ಕೈ ಮುಗಿಯೋದು, ಕೀ ತಗೊಳ್ಳೋದು. ಸಂಜೆ ಮತ್ತೆ ಅಲ್ಲೇ."

ಅಧ್ಯಕ್ಷರು ಕೊಬ್ಬರಿ ವ್ಯಾಪಾರಿ, ದೈವಭಕ್ತರು. ಅವರಿಗೆ ಇದರಲ್ಲಿ ತಪ್ಪೇನೆಂದೇ ತಿಳಿಯಲಿಲ್ಲ. "ಅದಕ್ಕಿಂತ ಸೇಫ್ ಜಾಗ ಎಲ್ಲೈತೆ ಹೇಳಿ ಮೇಡಂ? ದೇವ್ರ ಫೋಟೊ ಹಿಂದಕ್ಕೆ ಕೈ ಹಾಕಿ ಕದಿಯೋ ಧೈರ್ಯ ಯಾರ್ಗೈತೆ?"

"ಯಾರ್ಗೈತೆ ಅಂತ ಈಗ ಗೊತ್ತಾಯ್ತಲ್ಲ ಯಜಮಾನ್ರೇ!" ಎಂದು ರೇಗಿದೆ. ಪಂಚರು ನಕ್ಕರು. ನಾನೂ ನಗುವವಳಿದ್ದೆ. ಆಗ ಆ ಫೋಟೊದ ಚೌಕಟ್ಟಿನ ಎಡ ಮೂಲೆಯಲ್ಲಿ ಒಡೆದ ಗಾಜು ಕಣ್ಣಿಗೆ ಬಿತ್ತು. ಅಯ್ಯೋ, ಈ ಒಡಕನ್ನು ನಾನು ಮೊದಲೂ ನೋಡಿದ್ದೆನಲ್ಲ ಅನ್ನಿಸಿತು.

ಆರು ವರ್ಷಗಳ ಹಿಂದೆ, ಈ ಹುದ್ದೆಗೆ ಬರುವ ಮುಂಚೆ, ವಾರ್ಷಿಕ ತಪಾಸಣೆಗೆಂದು ನಾನು ಈ ಸಂಘಕ್ಕೆ ಬಂದಿದ್ದೆ. ವರ್ಷಕ್ಕೆ ಹತ್ತಾರು ಸಂಘ ಸುತ್ತುತ್ತಿದ್ದ ಕಾಲ, ಯಾವುದೂ ನೆನಪಲ್ಲಿ ಉಳಿದಿರಲಿಲ್ಲ. ಅವತ್ತು ಗುಮಾಸ್ತೆ ರಜದಲ್ಲಿದ್ದಳು. ತಿಜೋರಿ ತೋರಿಸಿ ಅಂದಾಗ ಇದೇ ಕಾರ್ಯದರ್ಶಿ ಕೈ ಮುಗಿದು, "ತಾಯಿ, ಮೇಡಂ ಬಂದವ್ರೆ, ಕೀ ಕೊಡವ್ವ" ಎಂದು ನಾಟಕದ ದನಿಯಲ್ಲಿ ಹೇಳಿ ಫೋಟೊ ಹಿಂದೆ ಕೈ ಹಾಕಿದ್ದ. ಗಾಜಿನ ಚೂರು ತಗುಲಿ ಬೆರಳನ್ನು ಬಾಯಿಗಿಟ್ಟುಕೊಂಡಿದ್ದ. ನಾನು ಮನಸಾರೆ ನಕ್ಕಿದ್ದೆ. ಎಳನೀರು ಕುಡಿದಿದ್ದೆ. ಆಮೇಲೆ ಫಾರಂ ತೆಗೆದು, "ತಿಜೋರಿಗೆ ಎರಡು ಕೀಲಿಯ ವ್ಯವಸ್ಥೆ ಇದೆಯೇ?" ಎಂಬ ಪ್ರಶ್ನೆಯ ಮುಂದೆ "ಇದೆ" ಎಂದು ಗುರುತು ಹಾಕಿದ್ದೆ. ಎರಡು ಕೀ ಇದ್ದದ್ದು ನಿಜ ತಾನೆ. ಎರಡೂ ಒಬ್ಬನೇ ತಿರುಗಿಸಿದ್ದನ್ನು ಕೇಳುವ ಪ್ರಶ್ನೆ ಫಾರಂನಲ್ಲಿ ಇರಲಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ.

ಅವತ್ತು ಮಹಜರಿನ ಉಳಿದ ಭಾಗ ಹೇಗೆ ಬರೆಸಿದೆನೋ ತಿಳಿಯದು. ಮಾರನೆಯ ದಿನ ತುಮಕೂರಿನ ಕಚೇರಿಯ ದಾಖಲೆ ಕೋಣೆಗೆ ಹೋಗಿ ಹಳೆಯ ತಪಾಸಣಾ ಕಡತ ಹುಡುಕಿಸಿದೆ. ಅಲ್ಲಿನ ನೌಕರ ಧೂಳು ಕೊಡವಿ, "ಇದು ನಾಶ ಮಾಡೋ ಲಿಸ್ಟಲ್ಲಿದೆ ಮೇಡಂ, ಆಗ್ಲೇ ಒಂದು ಮೂಲೆ ಗೆದ್ದಲು ತಿಂದೈತೆ. ಯಾಕೆ, ಬೇಕಿತ್ತಾ?" ಎಂದ. ಗೆದ್ದಲು ತಿಂದದ್ದು ಬೇರೆ ಮೂಲೆ. ನನ್ನ ಗುರುತು, ನನ್ನ ಸಹಿ ನೆಟ್ಟಗೆ ಇದ್ದವು. "ಇರ್ಲಿ, ನೋಡ್ತೀನಿ" ಎಂದು ಕಡತವನ್ನು ನನ್ನ ಮೇಜಿನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಾದೆ ನನಗಾಗಿಯೇ ಹುಟ್ಟಿದ್ದಿರಬೇಕು. ಅದಾದ ಮೇಲೆ ಹನ್ನೊಂದು ದಿನ ಆ ಡ್ರಾಯರನ್ನು ಮುಟ್ಟಲಿಲ್ಲ.

ಅಷ್ಟರಲ್ಲಿ ಕಾರ್ಯದರ್ಶಿ ತಾನಾಗಿ ಪೊಲೀಸರಿಗೆ ಶರಣಾಗಿ, ಜಾಮೀನು ಪಡೆದು, ಹೇಳಿಕೆ ಕೊಡಲು ನನ್ನ ಮುಂದೆ ಬಂದ. ಬಿಳಿ ಷರ್ಟು, ಹಣೆಗೆ ವಿಭೂತಿ, ಏನೂ ಆಗದವನ ಮುಖ. ಒಡವೆ ತೆಗೆದದ್ದನ್ನು ಒಪ್ಪಿಕೊಂಡ. ಆದರೆ ಪ್ರತಿ ಮಾತಿಗೂ "ನಾನೊಬ್ನೇ ಹೇಗ್ ತೆಗಿಯಕ್ಕಾಗ್ತದೆ ಮೇಡಂ, ಎರಡ್ ಕೀ ಬೇಕಲ್ಲ, ಎರಡ್ ಸಹಿ ಬೇಕಲ್ಲ" ಎಂದು ಸೇರಿಸುತ್ತಿದ್ದ. ಟೈಪ್ ಮಾಡುತ್ತಿದ್ದವರು ಟೀ ಕುಡಿಯಲು ಹೊರಗೆ ಹೋದಾಗ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ದನಿ ತಗ್ಗಿಸಿದ.

"ನನ್ ಹೆಸರು ಬರ್ಕೊಳ್ಳಿ, ಬೇಡ ಅನ್ನಲ್ಲ. ಗುಮಾಸ್ತೆ ಹೆಸರೂ ಜೊತೆಗೆ ಬರ್ಲಿ. ಇಬ್ಬರ ತಪ್ಪು ಅಂತ ಆಗ್ಲಿ. ಕೀ ಎಲ್ಲಿರ್ತಿತ್ತು ಅಂತ ಯಾರ್ಯಾರಿಗೆ ಗೊತ್ತಿತ್ತು ಅನ್ನೋ ಹಳೇ ಕತೆ ನಾನೂ ಎತ್ತಲ್ಲ, ನೀವೂ ಎತ್ಬೇಡಿ. ಅವತ್ತಿನ ಎಳನೀರು ಚೆನ್ನಾಗಿತ್ತಲ್ವಾ ಮೇಡಂ?"

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಆದರೆ ಯಾವ ಮಾತಿಗೂ ಸುಮ್ಮನಿರದ ನಾನು ಅವತ್ತು ಸುಮ್ಮನೆ ಕೂತೆ. ಅದೇ ನನಗೆ ಇವತ್ತಿಗೂ ನಾಚಿಕೆಯ ವಿಷಯ.

ಗುಮಾಸ್ತೆಯ ಹೇಳಿಕೆ ಮಾರನೆಯ ದಿನ. ಚೀಟಿಯ ಸಹಿಗಳ ಬಗ್ಗೆ ಕೇಳಿದೆ. ಸಂತೆ ದಿನ ಜನ ಜಾಸ್ತಿ ಎಂದು ಕಾರ್ಯದರ್ಶಿ ಮುಂಚಿನ ದಿನವೇ ಖಾಲಿ ಚೀಟಿಗಳ ಒಂದು ಕಟ್ಟಿಗೆ ಆಕೆಯ ಸಹಿ ಹಾಕಿಸಿಕೊಳ್ಳುತ್ತಿದ್ದನಂತೆ. ಉಳಿದ ಚೀಟಿಗಳನ್ನು ಆಕೆ ಒಂದು ದಿನವೂ ವಾಪಸು ಕೇಳಲಿಲ್ಲ.

"ಯಾಕಮ್ಮ ಕೇಳ್ಲಿಲ್ಲ?"

"ಅಣ್ಣ ಅಂತ ಕರೀತಿದ್ದೆ ಮೇಡಂ ಅವ್ರನ್ನ. ಅಣ್ಣನ್ನ ಲೆಕ್ಕ ಕೇಳಕ್ಕಾಗುತ್ತಾ?" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ, "ಕೆಲಸ ಹೋದ್ರೆ ಹೆಂಗೋ ಕೂಲಿನಾದ್ರೂ ಮಾಡ್ತೀನಿ. ಒಡವೆ ಕದ್ದೋಳು ಅಂತ ಹೆಸರು ಬಂದ್ರೆ ನನ್ ಮಗಳು ಹಾಸ್ಟೆಲಲ್ಲಿ ಹೆಂಗೆ ತಲೆ ಎತ್ತುತಾಳೆ? ಅಷ್ಟೊಂದ್ ಸಲ ತಪಾಸಣೆಗೆ ಬಂದವ್ರು, ಒಬ್ರಾದ್ರೂ ಕೀ ಅಲ್ಲಿ ಇಡ್ಬೇಡ ಅಂದಿದ್ರೆ ನಾನು ಇಡ್ತಿದ್ನಾ?" ಎಂದಳು.

ಪಾಪ, ನಾನು ಬಂದಿದ್ದು ಆಕೆಗೆ ಗೊತ್ತಿರಲಿಲ್ಲ. ಅವಳ ಆ ಕೊನೆಯ ಮಾತನ್ನೂ ಹೇಳಿಕೆಯಲ್ಲಿ ಬರೆಸಿದೆ. ಬರೆಸುವಾಗ ತಲೆ ಎತ್ತಲಿಲ್ಲ.

ಇನ್ನೊಂದು ಕಡೆ ಕೆಲಸ ಕೆಟ್ಟು ನಿಂತಿತ್ತು. ಪೊಲೀಸರ ಜೊತೆ ಶಿರಾ ಗೇಟ್ ಅಂಗಡಿಗೆ ಹೋದೆವು. ಬಡ್ಡಿ ಕಟ್ಟದ ಒಡವೆಗಳಿಗೆ ಹರಾಜಿನ ನೋಟಿಸು ಹೋಗಿ ಆಗಿದೆ, ಹರಾಜಿಗೆ ಎರಡು ವಾರ ಉಳಿದಿದೆ ಎಂದರು. ಅವರ ಪುಸ್ತಕದಲ್ಲಿ ಬರೆದದ್ದು "ಸರ ಒಂದು, ತೂಕ ಇಷ್ಟು". ನಮ್ಮ ಸಂಘದ ರಿಜಿಸ್ಟರಿನಲ್ಲೂ ಅಷ್ಟೇ. ಎರಡೂ ಕಡೆ ಎಷ್ಟೋ ಸರ, ಎಷ್ಟೋ ಬಳೆ. ತೂಕವೂ ಹತ್ತಿರ ಹತ್ತಿರ. "ಇದು ಇಂಥವ್ರದ್ದೇ ಅಂತ ಗುರುತು ತೋರ್ಸಿ ಮೇಡಂ, ಇವತ್ತೇ ಜಪ್ತಿ ಮಾಡ್ತೀನಿ" ಎಂದರು ಸಬ್‌ ಇನ್ಸ್‌ಪೆಕ್ಟರು. "ಅಂದಾಜಿಗೆ ಮಾಡಿದ್ರೆ ನಾಳೆ ಕೋರ್ಟಲ್ಲಿ ನಿಲ್ಲಲ್ಲ." ಅವರು ಹೇಳಿದ್ದು ನ್ಯಾಯವೇ. ಒಡವೆ ಕಣ್ಣೆದುರಿಗೇ ಇದೆ, ಮುಟ್ಟುವ ಹಾಗಿಲ್ಲ. ಹೊರಗೆ ಬಂದು ಸರ್ಕಲ್ಲಿನ ಗದ್ದಲದಲ್ಲಿ ನಿಂತು ಆಟೊದವನ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ.

ವರದಿಯ ಕರಡು ಬರೆಯಲು ಕೂತದ್ದು ಕಡತವನ್ನು ಡ್ರಾಯರಿಗೆ ಹಾಕಿದ ಹನ್ನೊಂದನೆಯ ದಿನ. ಕಚೇರಿಯಲ್ಲಿ ಇಂಥ ವರದಿಗೆ ಒಂದು ಅಚ್ಚು ಇದೆ. ನಿಯಮ ಇತ್ತು, ಇಂಥವರು ಪಾಲಿಸಲಿಲ್ಲ, ಆದ್ದರಿಂದ ಇಂಥವರು ಹೊಣೆ. ಹಾಗೆ ಬರೆದರೆ ಕಾರ್ಯದರ್ಶಿ ಒಂದನೆಯವನು, ಗುಮಾಸ್ತೆ ಎರಡನೆಯವಳು. ಓದುವವರಿಗೆ ಎಲ್ಲಿಯೂ ಸಂಶಯ ಬರುವುದಿಲ್ಲ. "ಎರಡು ಕೀಲಿಯ ನಿಯಮವಿದ್ದರೂ ಗುಮಾಸ್ತೆಯು ತಮ್ಮ ಕೀಲಿಯನ್ನು" ಎನ್ನುವವರೆಗೆ ಬರೆದೆ. ಮುಂದೆ ಪೆನ್ನು ಓಡಲಿಲ್ಲ. ನಿಯಮ ಎಲ್ಲಿತ್ತು? ಫಾರಂನಲ್ಲಿತ್ತು. ಆ ಸಂಘದ ಗೋಡೆಯ ಮೇಲೆ ಇದ್ದದ್ದು ಬೇರೆಯೇ ಪದ್ಧತಿ. ಆ ಪದ್ಧತಿಗೆ ಸರ್ಕಾರದ ಪರವಾಗಿ "ಇದೆ" ಎಂದು ಒಪ್ಪಿಗೆ ಕೊಟ್ಟವಳು ನಾನು. ನಾನು ಅವತ್ತು ಎಳನೀರು ಪಕ್ಕಕ್ಕಿಟ್ಟು ಆ ಕೀ ಗುಮಾಸ್ತೆಯ ಬಳಿಯೇ ಇರಬೇಕು ಎಂದು ಬರೆದಿದ್ದರೆ ಈ ಅಜ್ಜಿಯ ಸರ ಶಿರಾ ಗೇಟ್ ನೋಡುತ್ತಿರಲಿಲ್ಲ.

ಡ್ರಾಯರು ತೆರೆದೆ. ಹೊಸ ಹಾಳೆಯಲ್ಲಿ ಮೊದಲ ಸಾಲು ಹೀಗೆ ಬರೆದೆ: "ಈ ವಿಚಾರಣಾಧಿಕಾರಿಯು ಆರು ವರ್ಷಗಳ ಹಿಂದೆ ಇದೇ ಸಂಘದ ತಪಾಸಣೆ ನಡೆಸಿದ್ದು, ಎರಡನೆಯ ಕೀಲಿಯನ್ನು ದೇವರ ಪಟದ ಹಿಂದೆ ಇಡುತ್ತಿದ್ದುದನ್ನು ಕಣ್ಣಾರೆ ಕಂಡೂ ಆಕ್ಷೇಪಿಸಿರುವುದಿಲ್ಲ." ಕಾರ್ಯದರ್ಶಿ ನನಗೆ ಹೇಳಿದ ಎಳನೀರಿನ ಮಾತನ್ನೂ ಬರೆದೆ. ಹಳೆಯ ಫಾರಂನ ಪ್ರತಿ ಲಗತ್ತಿಸಿ, ಗಟ್ಟಿ ಮನಸ್ಸು ಮಾಡಿ ನಮ್ಮ ಕಚೇರಿಯ ದೊಡ್ಡ ಸಾಹೇಬರ ಮುಂದೆ ಹಿಡಿದೆ.

ಸಾಹೇಬರು ಎರಡು ಸಲ ಓದಿದರು. "ಏನ್ರೀ ಇದು, ನಿಮ್ಮ ಹೆಸರು ನೀವೇ ಬರ್ಕೊಂಡಿದೀರಾ?"

"ನೋಡಿದ್ದು ನಾನೇ ಅಲ್ವಾ ಸಾರ್."

"ಯಾರಾದ್ರೂ ಕೇಳಿದ್ರಾ ನಿಮ್ಮನ್ನ?"

"ಯಾರೂ ಕೇಳ್ಲಿಲ್ಲ ಸಾರ್. ಕೇಳಿದ್ರೆ ಇಷ್ಟ್ ಹೊತ್ತಿಗೆ ಜಗಳ ಆಡಿ ಮುಗಿಸ್ತಿದ್ದೆ."

ಅವರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. "ಆದೇಶ ಬಂದ ದಿನಾನೇ ಹೇಳ್ಬೇಕಿತ್ತು. ಈಗ ವಿಚಾರಣೆ ಮೊದ್ಲಿಂದ ಮಾಡಿದ್ರೆ ಹರಾಜು ಮುಗಿದುಹೋಗುತ್ತೆ. ನನ್ನನ್ನೂ ಸಿಕ್ಕಿಸಿಹಾಕಿದ್ರಲ್ಲ" ಎಂದು ಬೈದರು. ಸರಿಯಾಗಿಯೇ ಬೈದರು. ಮಹಜರು ನಡೆದ ದಿನ ನೆನಪಾಗಿದ್ದನ್ನು ಹನ್ನೊಂದು ದಿನ ಬಚ್ಚಿಟ್ಟುಕೊಂಡೆ ಎಂದು ಒಪ್ಪಿಕೊಂಡೆ. ಕೊನೆಗೆ ಅವರೇ ಒಂದು ದಾರಿ ಮಾಡಿದರು. ಒಡವೆ ಪತ್ತೆ ಮಾಡುವ ಕೆಲಸ ನನ್ನ ಬಳಿಯೇ ಇರಲಿ, ಅದಕ್ಕೆ ಪಂಚರು, ಮಹಜರು ಎಲ್ಲ ಇದೆ. ಯಾರು ಹೊಣೆ, ಎಷ್ಟು ಹೊಣೆ ಎಂದು ಬರೆಯುವ ಭಾಗವನ್ನು ಕುಣಿಗಲ್ ತಾಲ್ಲೂಕಿನ ಅಧಿಕಾರಿ ನೋಡಿಕೊಳ್ಳಲಿ, ನನ್ನನ್ನೂ ಸೇರಿಸಿ. ಹೊರಗೆ ಬರುವಾಗ, "ನಿಮಗೆ ನೋಟಿಸ್ ಬರುತ್ತೆ, ತಯಾರಾಗಿರಿ" ಎಂದರು. ನನಗೆ ಹೆದರಿಕೆಯಾಗಿತ್ತು. ಅದರ ಜೊತೆಗೇ ಬಹಳ ದಿನದ ಮೇಲೆ ಹೊಟ್ಟೆ ಹಸಿದಿತ್ತು.

ಇನ್ನು ಗುಮಾಸ್ತೆಗೆ ಹೇಳಬೇಕಿತ್ತು. ಮಾರನೆಯ ದಿನ ಗುಬ್ಬಿಗೆ ಹೋಗಿ, ಬೇರೆಯವರು ಬರುವ ಮುಂಚೆ, ಬರೆದದ್ದನ್ನು ಆಕೆಯ ಮುಂದಿಟ್ಟೆ. ಆಕೆ ನಿಧಾನವಾಗಿ ಓದಿದಳು. ಅಳುತ್ತಾಳೆ, ಕೈ ಮುಗಿಯುತ್ತಾಳೆ ಎಂದೇನೋ ಅಂದುಕೊಂಡಿದ್ದೆ. ಹಾಳೆಯನ್ನು ಮೇಜಿನ ಮೇಲೆ ಬಡಿದಳು.

"ನೀವು ನೋಡಿದ್ರಾ? ನೋಡಿನೂ ಸುಮ್ನಿದ್ರಾ?"

"ಹೂಂ ಕಣಮ್ಮ."

"ನೋಡಿನೂ ಸುಮ್ನಿದ್ದು, ಅವತ್ತು ನನ್ನ ಹಂಗೆ ಗದರಿಸಿದ್ರಾ? ಎಲ್ಲರ ಮುಂದೆ?"

"ತಪ್ಪಾಯ್ತು" ಎಂದೆ. ನೌಕರಿಗೆ ಸೇರಿದ ಮೇಲೆ ಸಂಘದ ಗುಮಾಸ್ತರೊಬ್ಬರಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಆಕೆ ಬ್ಯಾಗು ಎತ್ತಿಕೊಂಡು ಮನೆಗೆ ಹೋದಳು. ಎರಡು ದಿನ ಬರಲಿಲ್ಲ. ಹರಾಜಿಗೆ ದಿನ ಹತ್ತಿರವಾಗುತ್ತಿತ್ತು, ನಾನು ಒಬ್ಬಳೇ ಎರಡು ರಿಜಿಸ್ಟರು ಅಕ್ಕಪಕ್ಕ ಇಟ್ಟುಕೊಂಡು ತೂಕ ಹೊಂದಿಸಿ ಹೊಂದಿಸಿ ಸಾಕಾಗಿದ್ದೆ.

ಮೂರನೆಯ ಬೆಳಿಗ್ಗೆ ಬಂದಳು. ಬ್ಯಾಗಿನಿಂದ ಒಂದು ಹಳೆಯ ಡೈರಿ ತೆಗೆದು ನನ್ನ ಮುಂದೆ ಇಟ್ಟಳು. ಅರಿಶಿನದ ಕಲೆ ಬಿದ್ದ, ರಬ್ಬರ್ ಬ್ಯಾಂಡ್ ಹಾಕಿದ ಡೈರಿ.

"ಇದನ್ನ ಮನೇಲಿ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ. ನನ್ ಕೈಬರಹ ಸಿಕ್ಕಿದ್ರೆ ಅದನ್ನೂ ನನ್ ಮೇಲೇ ಹಾಕ್ತೀರ ಅಂತ ಭಯ ಇತ್ತು" ಎಂದಳು. "ನಿಮ್ ಹೆಸರೇ ಮೊದ್ಲು ಬರ್ದಿದ್ರಿ. ಅದಕ್ಕೆ ತಂದೆ."

ಬಿಡಿಸಿಕೊಳ್ಳಲು ಬಂದಾಗ ಅಜ್ಜಿಯರು "ಇದು ನಂದು, ಅದು ಅವಳ್ದು" ಎಂದು ಜಗಳ ಆಡುತ್ತಾರೆಂದು, ಯಾರೂ ಹೇಳದೆ, ತನಗೆ ತಾನೇ ಆಕೆ ಪ್ರತಿ ಒಡವೆಯ ಗುರುತು ಬರೆದಿಟ್ಟುಕೊಂಡಿದ್ದಳು. ಪುಟ ತಿರುವಿದೆ. "ಓಲೆ ಜೊತೆ, ಎಡಗಡೇದ್ರಲ್ಲಿ ಒಂದು ಹರಳಿಲ್ಲ." "ಬಳೆ ಎರಡು, ಒಂದರ ಮೇಲೆ ಮಗು ಕಚ್ಚಿದ ಹಲ್ಲಿನ ಗುರುತು." "ಕಾಸಿನ ಸರ, ಕೊಂಡಿಗೆ ಹಸಿರು ದಾರ, ನಾಲ್ಕನೇ ಕಾಸು ಸೊಟ್ಟ, ಅಜ್ಜಿ ಯಜಮಾನರು ತುಳಿದಿದ್ದಂತೆ." ಖಾಲಿ ಚೀಟಿಗೆ ಕಣ್ಣು ಮುಚ್ಚಿ ಸಹಿ ಹಾಕಿದವಳೂ ಇವಳೇ, ಒಡವೆಯೊಂದರ ಮೇಲಿನ ಹಲ್ಲಿನ ಗುರುತನ್ನು ಬಿಡದೆ ಬರೆದವಳೂ ಇವಳೇ. ತನಗೆ ಅರ್ಥವಾದ ಕಡೆಯೆಲ್ಲ ಆಕೆ ಜೋಪಾನವಾಗಿದ್ದಳು. ಎರಡನೇ ಕೀ ಯಾಕೆ ಎಂದು ಆಕೆಗೆ ಯಾರೂ ಅರ್ಥ ಮಾಡಿಸಿರಲಿಲ್ಲ.

ಆ ಡೈರಿ ಹಿಡಿದುಕೊಂಡು ಇಬ್ಬರೂ ಶಿರಾ ಗೇಟಿಗೆ ಹೋದೆವು. ಅಂಗಡಿಯವರು ಟ್ರೇ ತಂದಿಟ್ಟರು, ಸಬ್‌ ಇನ್ಸ್‌ಪೆಕ್ಟರು ಭೂತಗನ್ನಡಿ ಹಿಡಿದರು, ಗುಮಾಸ್ತೆ ಓದುತ್ತಾ ಹೋದಳು. ಹಲ್ಲಿನ ಗುರುತು ಸಿಕ್ಕಿದಾಗ ಅಂಗಡಿಯವರೇ "ಅರೆ, ಹೌದಲ್ರೀ!" ಎಂದು ಕೂಗಿದರು. ಸಂಜೆಯೊಳಗೆ ಬಹುಪಾಲು ಒಡವೆಗಳು ಜಪ್ತಿಯಾದವು. ಎಲ್ಲವೂ ಸಿಗಲಿಲ್ಲ. ಕೆಲವನ್ನು ಕಾರ್ಯದರ್ಶಿ ಆಗಲೇ ಮಾರಿ ಕರಗಿಸಿದ್ದ. ಹಸಿರು ದಾರದ ಸರ ಸಿಕ್ಕಿತು.

ಸಿಕ್ಕಿದ್ದು ಕೈಗೆ ಬರಲು ಕೋರ್ಟಿನ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಅಜ್ಜಿಯ ಮೊಮ್ಮಗಳು ಹಸೆಮಣೆ ಏರಿದ್ದು ಚಿಕ್ಕಮ್ಮನ ಸರ ಹಾಕಿಕೊಂಡು. ನಡುವೆ ಸಂಘದ ಸರ್ವ ಸದಸ್ಯರ ಸಭೆ ಸೇರಿತು. ಮುಚ್ಚಿಬಿಡಿ, ಇದ್ದದ್ದನ್ನು ಹಂಚಿಬಿಡಿ ಎಂದು ಅರ್ಧ ಜನ ಕೂಗುತ್ತಿದ್ದರು. ಅಧ್ಯಕ್ಷರು ತಲೆ ತಗ್ಗಿಸಿ ಕೂತಿದ್ದರು. ಹಿಂದಿನ ಸಾಲಿನಿಂದ ಅಜ್ಜಿ ಎದ್ದರು.

"ಕೊಡ ಬಾವಿಗೆ ಬಿತ್ತು ಅಂತ ಬಾವಿ ಮುಚ್ತಾರೇನ್ರಪ್ಪ? ಇದನ್ನ ಮುಚ್ಚಿದ್ರೆ ನಾಳೆ ಕಷ್ಟ ಅಂದ್ರೆ ಎಲ್ಲಿಗ್ ಹೋಗ್ತೀರ, ಶಿರಾ ಗೇಟಿಗಾ? ಕೀ ಆ ಹುಡುಗಿ ಕೈಗೇ ಕೊಡಿ. ನನ್ ನಾಲ್ಕನೇ ಕಾಸು ಸೊಟ್ಟ ಅಂತ ನನ್ ಸೊಸೇಗೂ ಗೊತ್ತಿರ್ಲಿಲ್ಲ, ಅವ್ಳು ಬರ್ದಿಟ್ಟವ್ಳೆ."

ಜನ ಗೊಳ್ಳೆಂದು ನಕ್ಕರು. ಸಂಘ ಉಳಿಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಯಾರಾದರೂ ಆಡಿಕೊಳ್ಳಬಹುದು. ಹಾಕಲೇಬೇಕಲ್ಲ. ಖಾಲಿ ಚೀಟಿಗೆ ಸಹಿ ನಿಂತಿತು. ಒಡವೆ ಅಡವಿಡುವಾಗ ಗುರುತು ಬರೆದು, ಫೋಟೊ ತೆಗೆದು, ಅದರ ಒಂದು ಪ್ರತಿಯನ್ನು ಸದಸ್ಯರಿಗೇ ಕೊಡುವುದೆಂದಾಯಿತು. ತಿಂಗಳಿಗೊಂದು ಸಂತೆ ದಿನ ಯಾರು ಬೇಕಾದರೂ ಬಂದು ತಮ್ಮ ಪ್ಯಾಕೆಟ್ ಬಿಚ್ಚಿಸಿ ನೋಡಬಹುದು ಎಂಬುದು ಗುಮಾಸ್ತೆಯೇ ಎದ್ದು ನಿಂತು ಹೇಳಿದ ನಿಯಮ. ನಾನು ನನ್ನ ಇಲಾಖೆಗೆ ಒಂದೇ ಒಂದು ಸಲಹೆ ಬರೆದೆ. ಫಾರಂನಲ್ಲಿ "ಎರಡು ಕೀಲಿ ಇದೆಯೇ" ಎಂಬ ಪ್ರಶ್ನೆ ತೆಗೆದು, "ಎರಡನೆಯ ಕೀಲಿ ಈ ಹೊತ್ತು ಯಾರ ಬಳಿ ಇದೆ, ನೀವು ಕಂಡದ್ದನ್ನು ಬರೆಯಿರಿ" ಎಂದು ಹಾಕಬೇಕು. ಜಿಲ್ಲೆಯ ಮಟ್ಟಿಗೆ ಅದು ಜಾರಿಗೆ ಬಂತು.

ಕುಣಿಗಲ್ಲಿನ ಅಧಿಕಾರಿ ಯಾರಿಗೂ ರಿಯಾಯಿತಿ ತೋರಲಿಲ್ಲ. ಕಳವಿನ ಹೊಣೆ ಕಾರ್ಯದರ್ಶಿಯೊಬ್ಬನದೇ ಎಂದು ಬರೆದರು. ಆಡಳಿತ ಮಂಡಳಿಗೆ, ಗುಮಾಸ್ತೆಗೆ, ನನಗೆ, ಅಜಾಗರೂಕತೆಯ ಪಾಲು ಹಂಚಿದರು. ಆಕೆಗೆ ಲಿಖಿತ ಎಚ್ಚರಿಕೆ. ಕೆಲಸ ಉಳಿಯಿತು, ಹೆಸರೂ ಉಳಿಯಿತು. ನನಗೆ ಒಂದು ವರ್ಷದ ಇನ್‌ಕ್ರಿಮೆಂಟು ಹೋಯಿತು. ನನ್ನ ಗಂಡ, "ಹೋಗ್ಲಿ ಬಿಡೇ, ಮನೇಲಿ ನಿನ್ನ ಬೈಗುಳ ಕಮ್ಮಿ ಆಗಿದೆ, ನನಗೆ ಲಾಭಾನೇ" ಎಂದರು. ಸರ ಅಜ್ಜಿಯ ಕೈಗೆ ಬಂದದ್ದು ಮೊಮ್ಮಗಳ ಸೀಮಂತದ ವಾರ. ಸೀಮಂತಕ್ಕೆ ಗುಮಾಸ್ತೆಯನ್ನೂ ನನ್ನನ್ನೂ ಕರೆದಿದ್ದರು. ಹೋಗಿ ಹೋಳಿಗೆ ಊಟ ಮಾಡಿ ಬಂದೆವು.

ಇದಾಗಿ ವರ್ಷ ಕಳೆದ ಮೇಲೆ ಕುಣಿಗಲ್ಲಿನ ಒಂದು ಸಂಘದ ತಪಾಸಣೆ ನನಗೆ ಬಂತು. ಮುಂಚಿತವಾಗಿ ಹೇಳದೆ ಹೋದೆ. ಒಳಗೆ ಕಾಲಿಟ್ಟರೆ ತಿಜೋರಿಯ ಪಕ್ಕದ ಗೋಡೆಯಲ್ಲಿ ಲಕ್ಷ್ಮಿಯ ಫೋಟೊ! ಯಾರ ಜೊತೆಯೂ ಮಾತಾಡದೆ ಸೀದಾ ಹೋಗಿ ಫೋಟೊ ಹಿಂದಕ್ಕೆ ಕೈ ಹಾಕಿದೆ. ಒಂದು ಮೊಳೆ ಸಿಕ್ಕಿತು. ಮೊಳೆಯಲ್ಲಿ ಏನೂ ಇರಲಿಲ್ಲ. ಕೈತುಂಬ ಜೇಡರ ಬಲೆ.

ಅಲ್ಲಿನ ಗುಮಾಸ್ತೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನ್ ಹುಡುಕ್ತಿದೀರ ಮೇಡಂ?" ಎಂದಳು.

ಇಲಾಖೆಯ ಗುರುತಿನ ಚೀಟಿ ತೋರಿಸಿದೆ. "ಎರಡನೇ ಕೀ ಎಲ್ಲಿ?"

ಕತ್ತಿನಲ್ಲಿದ್ದ ದಾರವನ್ನು ಎಳೆದು, ತುದಿಯಲ್ಲಿದ್ದ ಕೀಯನ್ನು ಎತ್ತಿ ತೋರಿಸಿದಳು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಅವಳು ಕೀಯನ್ನು ಮುಷ್ಟಿಯೊಳಗೆ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಮುಟ್ಟಂಗಿಲ್ಲ ಮೇಡಂ, ನೋಡಿ ಅಷ್ಟೇ. ಟ್ರೈನಿಂಗ್ ಕೊಡಕ್ಕೆ ಗುಬ್ಬಿಯಿಂದ ಒಬ್ರು ಅಕ್ಕ ಬಂದಿದ್ರು. ಅಧ್ಯಕ್ಷರು ಕೇಳಿದ್ರೂ ಕೊಡ್ಬೇಡ, ಅಣ್ಣ ಅಂತ ಕರೆಯೋರು ಕೇಳಿದ್ರೂ ಕೊಡ್ಬೇಡ, ಇಲಾಖೆ ಮೇಡಂ ಬಂದು ಎಷ್ಟೇ ಜೋರು ಮಾಡಿದ್ರೂ ಕೊಡ್ಬೇಡ ಅಂದವ್ರೆ."

"ಯಾವ ಮೇಡಂ ಅಂತ ಹೇಳಿದ್ರಾ?"

"ಹೆಸರು ಹೇಳ್ಲಿಲ್ಲ" ಎಂದು ಆ ಹುಡುಗಿ ಸ್ವಲ್ಪ ಅನುಮಾನದಿಂದಲೇ ಅಂದಳು. "ಆದ್ರೆ ತಪ್ಪು ಮಾಡಿದ್ರೆ ಒಪ್ಕೊಳ್ಳೋ ಮೇಡಂ ಅಂತೆ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಎಳನೀರು ತರಿಸಲಾ ಎಂದು ಅಧ್ಯಕ್ಷರು ಕೇಳಿದರು, ಬೇಡವೆಂದೆ. ಕನ್ನಡಕ ಒರೆಸಿಕೊಂಡು ಫಾರಂ ತೆಗೆದೆ. ಎರಡನೆಯ ಕೀಲಿ ಯಾರ ಬಳಿ ಇದೆ ಎಂಬ ಪ್ರಶ್ನೆಯ ಮುಂದೆ, ಗುಮಾಸ್ತೆಯ ಬಳಿ, ಕೇಳಿದರೂ ನನಗೆ ಕೊಡಲಿಲ್ಲ ಎಂದು ಬರೆದು ಸಹಿ ಮಾಡಿದೆ.